ಈಗಷ್ಟೇ ಸೇರಿಸಿದ ಸಾಲಿನ ನಂಬರು ಎಷ್ಟು? ಡೇಟಾಬೇಸನ್ನು ಕೇಳಿ ಪಡೆಯುವ ಬಗೆ, ಹಂತ ಹಂತವಾಗಿ

ಕಿರಾಣಿ ಅಂಗಡಿಯ ಒಂದು ಬಿಲ್ಲನ್ನು ಡೇಟಾಬೇಸಿನಲ್ಲಿ ಇಡಬೇಕೆಂದರೆ ಒಂದು ಟೇಬಲ್ ಸಾಲುವುದಿಲ್ಲ. ಯಾರಿಗೆ ಕೊಟ್ಟದ್ದು, ಯಾವ ತಾರೀಕು ಎಂಬುದು ಒಂದು ಟೇಬಲಿಗೆ. ಅಕ್ಕಿ ಎಷ್ಟು, ಬೇಳೆ ಎಷ್ಟು ಎಂಬ ಪಟ್ಟಿ ಇನ್ನೊಂದಕ್ಕೆ. ಎರಡನೆಯದರ ಪ್ರತಿ ಸಾಲಿನಲ್ಲೂ ಇದು ಇಂಥ ಬಿಲ್ಲಿಗೆ ಸೇರಿದ್ದು ಎಂಬ ಗುರುತು ಬೇಕು. ಆ ಗುರುತೇ ಬಿಲ್ಲಿನ ಐಡಿ. ತೊಡಕು ಏನೆಂದರೆ, ಆ ಐಡಿ ಕೊಡುವವರು ನಾವಲ್ಲ, ಡೇಟಾಬೇಸು. ಗ್ರಾಹಕರ ಹೆಸರು, ತಾರೀಕು ಕೊಟ್ಟು ನಾವು ಸಾಲು ಸೇರಿಸುತ್ತೇವೆ; ಅದು ಒಳಗೊಳಗೇ 1, 2, 3 ಎಂದು ನಂಬರು ಹಾಕಿಕೊಂಡು ಸುಮ್ಮನಿರುತ್ತದೆ. ಆ ನಂಬರು ಕೈಗೆ ಸಿಗದೆ ಎರಡನೇ ಟೇಬಲಿಗೆ ಏನನ್ನೂ ಬರೆಯುವಂತಿಲ್ಲ.

ಹೊಸದಾಗಿ ಕೋಡ್ ಬರೆಯುವವರು ಇಲ್ಲಿ ಟೇಬಲಿನ ಅತಿ ದೊಡ್ಡ ನಂಬರು ಯಾವುದೆಂದು ಹುಡುಕಲು ಹೊರಡುತ್ತಾರೆ. ಹುಡುಕಬಾರದು, ಕೇಳಬೇಕು. ಸಾಲು ಸೇರಿಸಿದ ಕನೆಕ್ಷನ್ನನ್ನೇ ಕೇಳಬೇಕು. ಅನುಕೂಲವಿದ್ದರೆ ಸೇರಿಸುವ ಆಜ್ಞೆಯಲ್ಲೇ ಕೇಳಿಬಿಡಬೇಕು. ಹೇಗೆ ಎಂಬುದನ್ನು ಎಸ್‌ಕ್ಯೂಲೈಟ್‌ನಲ್ಲಿ ಕೈಯಾರೆ ಮಾಡಿ ನೋಡೋಣ. ಆಮೇಲೆ ಉಳಿದ ಡೇಟಾಬೇಸ್‌ಗಳ ರೀತಿ ನೀತಿ.

ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಸೆಲೆಕ್ಟ್, ಇನ್ಸರ್ಟ್ ಮುಂತಾದ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಟೇಬಲ್ ಮತ್ತು ಕಾಲಂ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಇಟ್ಟರೂ ಎಸ್‌ಕ್ಯೂಲೈಟ್ ತಕರಾರು ಮಾಡುವುದಿಲ್ಲ. ಆದರೂ ಕೆಲಸದ ಜಾಗದಲ್ಲಿ ಇಂಗ್ಲಿಷ್ ಹೆಸರೇ ವಾಸಿ. ಸಾಲು ಸಾಲಿಗೂ ಕೀಬೋರ್ಡ್ ಬದಲಿಸುವ ಕಾಟ ಒಂದು ಕಡೆ. ಕನ್ನಡ ಪದದೊಳಗೆ ಕಣ್ಣಿಗೆ ಕಾಣದ ಜೋಡಣೆಯ ಅಕ್ಷರ ನುಸುಳಿಕೊಂಡರೆ ಒಂದೇ ತರ ಕಾಣುವ ಎರಡು ಹೆಸರು ಬೇರೆ ಬೇರೆಯಾಗಿಬಿಡುವ ಕಾಟ ಇನ್ನೊಂದು ಕಡೆ.

ಹಂತ 1: ಎರಡು ಟೇಬಲ್ ಮಾಡಿಕೊಳ್ಳಿ

ಎಸ್‌ಕ್ಯೂಲೈಟ್‌ಗೆ ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ಇಡೀ ಡೇಟಾಬೇಸ್ ಒಂದು ಫೈಲು. ಟರ್ಮಿನಲ್ ತೆರೆದು ಎಸ್‌ಕ್ಯೂಲೈಟ್3 ಎಂಬ ಆಜ್ಞೆಯ ಮುಂದೆ ಫೈಲಿನ ಹೆಸರು, ಅಂಗಡಿ.ಡಿಬಿ ಎಂದು ಕೊಡಿ. ಮೊದಲು ವರ್ಷನ್ ನೋಡಿಕೊಳ್ಳಿ:

ಸೆಲೆಕ್ಟ್ ಎಸ್‌ಕ್ಯೂಲೈಟ್_ವರ್ಷನ್();

3.35.0 ಅಥವಾ ಅದಕ್ಕಿಂತ ಮೇಲಿದ್ದರೆ ಮುಂದಿನ ಎಲ್ಲ ಹಂತವೂ ನಡೆಯುತ್ತದೆ. ಆ ವರ್ಷನ್ ಬಂದದ್ದು 2021ರ ಮಾರ್ಚ್‌ನಲ್ಲಿ. ಅದಕ್ಕಿಂತ ಹಳೆಯದಾದರೆ ನಾಲ್ಕನೇ ಹಂತದ ಆಜ್ಞೆ ಕೈಕೊಡುತ್ತದೆ.

ಪ್ರಾಗ್ಮಾ ಫಾರಿನ್_ಕೀಸ್ = ಆನ್;

ಕ್ರಿಯೇಟ್ ಟೇಬಲ್ ಬಿಲ್ (
  ಐಡಿ ಇಂಟಿಜರ್ ಪ್ರೈಮರಿ ಕೀ,
  ಗ್ರಾಹಕ ಟೆಕ್ಸ್ಟ್,
  ತಾರೀಕು ಟೆಕ್ಸ್ಟ್
);

ಕ್ರಿಯೇಟ್ ಟೇಬಲ್ ಬಿಲ್_ಸಾಲು (
  ಐಡಿ ಇಂಟಿಜರ್ ಪ್ರೈಮರಿ ಕೀ,
  ಬಿಲ್_ಐಡಿ ಇಂಟಿಜರ್ ರೆಫರೆನ್ಸಸ್ ಬಿಲ್(ಐಡಿ),
  ವಸ್ತು ಟೆಕ್ಸ್ಟ್,
  ಬೆಲೆ ಇಂಟಿಜರ್
);

ಪ್ರಾಗ್ಮಾ ಎಂಬ ಮೊದಲ ಸಾಲನ್ನು ಬಿಡಬೇಡಿ. ಇಲ್ಲದ ಬಿಲ್ಲಿನ ನಂಬರು ಹಾಕಿದರೆ ತಡೆಯುವ ಕಾವಲು ಎಸ್‌ಕ್ಯೂಲೈಟ್‌ನಲ್ಲಿ ಸಾಮಾನ್ಯವಾಗಿ ಮಲಗಿಯೇ ಇರುತ್ತದೆ. ಪ್ರತಿ ಸಲ ಕನೆಕ್ಷನ್ ತೆರೆದಾಗಲೂ ಅದನ್ನು ಎಬ್ಬಿಸಬೇಕು.

ಇನ್ನೊಂದು ವಿಷಯ ಸಣ್ಣದಾಗಿ ಕಂಡರೂ ಸಣ್ಣದಲ್ಲ. ಐಡಿ ಕಾಲಂನ ಬಗೆಯನ್ನು ಇಂಟಿಜರ್ ಎಂದು ಪೂರ್ತಿ ಬರೆಯಬೇಕು. ಬೇರೆ ಡೇಟಾಬೇಸಿನ ರೂಢಿಯಲ್ಲಿ ಇಂಟ್ ಎಂದು ಮೊಟಕು ಮಾಡಿದರೆ ಎಸ್‌ಕ್ಯೂಲೈಟ್ ಬೈಯುವುದಿಲ್ಲ, ಟೇಬಲ್ ಮಾಡಿಕೊಡುತ್ತದೆ. ಆದರೆ ಆ ಕಾಲಂಗೆ ತಾನಾಗಿ ನಂಬರು ಬೀಳುವುದಿಲ್ಲ, ಖಾಲಿಯಾಗಿ, ಅಂದರೆ ನಲ್ ಆಗಿ ಉಳಿಯುತ್ತದೆ. ಎಸ್‌ಕ್ಯೂಲೈಟ್ ತನ್ನ ಲೆಕ್ಕಕ್ಕೆ ರೋಐಡಿ ಎಂಬ ಮರೆಯ ನಂಬರೊಂದನ್ನು ಬೇರೆಯೇ ಇಟ್ಟುಕೊಂಡಿರುತ್ತದೆ. ಇಂಟಿಜರ್ ಪ್ರೈಮರಿ ಕೀ ಎಂದು ಪೂರ್ತಿ ಬರೆದಾಗ ಮಾತ್ರ ನಮ್ಮ ಐಡಿ ಕಾಲಂ ಆ ರೋಐಡಿಗೆ ಇನ್ನೊಂದು ಹೆಸರಾಗುತ್ತದೆ. ಮೊಟಕು ಮಾಡಿದವರಿಗೆ ನಂಬರು ಕೇಳಿದಾಗ ಸರಿಯಾಗಿಯೇ ಸಿಗುತ್ತದೆ. ಟೇಬಲಿನಲ್ಲಿ ಹೋಗಿ ನೋಡಿದರೆ ಆ ನಂಬರೇ ಇರುವುದಿಲ್ಲ.

ಹಂತ 2: ಸಾಲು ಸೇರಿಸಿ, ನಂಬರು ಕೇಳಿ

ಇನ್ಸರ್ಟ್ ಇಂಟು ಬಿಲ್ (ಗ್ರಾಹಕ, ತಾರೀಕು)
ವ್ಯಾಲ್ಯೂಸ್ ('ಸಾವಿತ್ರಮ್ಮ', '2025-04-02');

ಐಡಿ ಕಾಲಂನ ಹೆಸರನ್ನೇ ಎತ್ತಿಲ್ಲ ನೋಡಿ. ನಾವು ಕೊಡದೆ ಬಿಟ್ಟರೇ ಡೇಟಾಬೇಸು ತಾನಾಗಿ ನಂಬರು ಹಾಕುವುದು. ಈಗ ಕೇಳಿ:

ಸೆಲೆಕ್ಟ್ ಲಾಸ್ಟ್_ಇನ್ಸರ್ಟ್_ರೋಐಡಿ();

ಉತ್ತರ 1. ಬಸವರಾಜು ಎಂಬ ಹೆಸರಿಗೆ ಇನ್ನೊಂದು ಬಿಲ್ ಸೇರಿಸಿ, ಮತ್ತೆ ಕೇಳಿ. 2 ಎನ್ನುತ್ತದೆ. ಕೇಳುವಾಗ ಯಾವ ಟೇಬಲ್ ಎಂದು ನಾವು ಹೇಳಲೇ ಇಲ್ಲ. ಮುಂದಿನ ಹಂತದ ಎಡವಟ್ಟಿನ ಬೇರು ಇರುವುದು ಇಲ್ಲೇ.

ಹಂತ 3: ಸಿಕ್ಕ ನಂಬರನ್ನು ಎತ್ತಿಡಿ

ಬಸವರಾಜು ಅಕ್ಕಿ ಮತ್ತು ಸಕ್ಕರೆ ಕೊಂಡರು ಎನ್ನಿ. ನಂಬರು ಕೇಳುವ ಆಜ್ಞೆಯನ್ನು ಇನ್ಸರ್ಟ್ ಒಳಗೇ ಸೇರಿಸಿಬಿಡುವುದು ಜಾಣತನದಂತೆ ಕಾಣುತ್ತದೆ:

ಇನ್ಸರ್ಟ್ ಇಂಟು ಬಿಲ್_ಸಾಲು (ಬಿಲ್_ಐಡಿ, ವಸ್ತು, ಬೆಲೆ)
ವ್ಯಾಲ್ಯೂಸ್ (ಲಾಸ್ಟ್_ಇನ್ಸರ್ಟ್_ರೋಐಡಿ(), 'ಅಕ್ಕಿ', 310);

ಇನ್ಸರ್ಟ್ ಇಂಟು ಬಿಲ್_ಸಾಲು (ಬಿಲ್_ಐಡಿ, ವಸ್ತು, ಬೆಲೆ)
ವ್ಯಾಲ್ಯೂಸ್ (ಲಾಸ್ಟ್_ಇನ್ಸರ್ಟ್_ರೋಐಡಿ(), 'ಸಕ್ಕರೆ', 90);

ಸೆಲೆಕ್ಟ್ * ಫ್ರಮ್ ಬಿಲ್_ಸಾಲು;

ಪರದೆಯ ಮೇಲೆ ಬರುವುದು ಇದು:

1 | 2 | ಅಕ್ಕಿ | 310
2 | 1 | ಸಕ್ಕರೆ | 90

ಸಕ್ಕರೆ ಹೋಗಿ ಸಾವಿತ್ರಮ್ಮನವರ ಬಿಲ್ಲಿಗೆ ಬಿತ್ತು. ಏನಾಯಿತೆಂದರೆ, ಅಕ್ಕಿಯ ಸಾಲು ಸೇರಿದ ಕೂಡಲೇ ಕೊನೆಗೆ ಸೇರಿಸಿದ ಸಾಲು ಎಂದರೆ ಬಿಲ್ಲಲ್ಲ, ಅಕ್ಕಿಯ ಸಾಲು ಎಂದಾಯಿತು. ಅದರ ಐಡಿ 1. ಅದನ್ನೇ ಬಿಲ್_ಐಡಿ ಎಂದು ಎರಡನೇ ಆಜ್ಞೆ ಹಾಕಿಕೊಂಡಿತು. 1ನೇ ನಂಬರಿನ ಬಿಲ್ ನಿಜವಾಗಿಯೂ ಇರುವುದರಿಂದ ನಾವು ಎಬ್ಬಿಸಿ ಕೂರಿಸಿದ ಕಾವಲೂ ಚಕಾರ ಎತ್ತಲಿಲ್ಲ. ದೋಷದ ಸಂದೇಶ ಇಲ್ಲ, ಕೆಂಪಕ್ಷರ ಇಲ್ಲ; ಲೆಕ್ಕ ಮಾತ್ರ ತಪ್ಪು. ಡೇಟಾಬೇಸ್ ಕೆಲಸದಲ್ಲಿ ನಾನು ಹೆದರುವುದು ಇಂಥ ಮೌನದ ತಪ್ಪುಗಳಿಗೆ. ಕಿರುಚುವ ತಪ್ಪನ್ನು ಯಾರು ಬೇಕಾದರೂ ಸರಿಮಾಡಬಹುದು.

ಸರಿಪಡಿಸಿ ಮುಂದೆ ಹೋಗೋಣ:

ಅಪ್‌ಡೇಟ್ ಬಿಲ್_ಸಾಲು ಸೆಟ್ ಬಿಲ್_ಐಡಿ = 2 ವೇರ್ ಐಡಿ = 2;

ಬಿಲ್ ಸೇರಿದ ಮರುಕ್ಷಣವೇ ನಂಬರು ಕೇಳಿ, ಒಂದು ವೇರಿಯಬಲ್‌ನಲ್ಲಿ ಎತ್ತಿಡಿ. ಆಮೇಲೆ ಎಷ್ಟು ಸಾಲು ಸೇರಿಸಿದರೂ ಆ ವೇರಿಯಬಲನ್ನೇ ಬಳಸಿ. ಮತ್ತೆ ಮತ್ತೆ ಕೇಳಲು ಹೋಗಬೇಡಿ.

ಹಂತ 4: ಸೇರಿಸುವ ಆಜ್ಞೆಯಲ್ಲೇ ಕೇಳಿಬಿಡಿ

ಇನ್ಸರ್ಟ್ ಇಂಟು ಬಿಲ್ (ಗ್ರಾಹಕ, ತಾರೀಕು)
ವ್ಯಾಲ್ಯೂಸ್ ('ಫಾತಿಮಾ', '2025-04-02')
ರಿಟರ್ನಿಂಗ್ ಐಡಿ;

ಸಾಲು ಸೇರುತ್ತದೆ, ಉತ್ತರವಾಗಿ 3 ಬರುತ್ತದೆ. ಎರಡು ಕೆಲಸ, ಒಂದೇ ಆಜ್ಞೆ. ಇದಕ್ಕೂ ಅದಕ್ಕೂ ನಡುವೆ ಇನ್ನೇನೋ ನುಸುಳಲು ಜಾಗವೇ ಇಲ್ಲ. ರಿಟರ್ನಿಂಗ್ ಮುಂದೆ ಐಡಿ ಮಾತ್ರವಲ್ಲ, ಬೇರೆ ಕಾಲಂಗಳನ್ನೂ ಕೇಳಬಹುದು. ತಾರೀಕನ್ನು ಡೇಟಾಬೇಸೇ ತುಂಬುವಂತೆ ಡಿಫಾಲ್ಟ್ ಇಟ್ಟಿದ್ದರೆ ಅದನ್ನೂ ಇಲ್ಲೇ ಪಡೆಯಬಹುದು. ನಿಮ್ಮ ಡೇಟಾಬೇಸಿನಲ್ಲಿ ಈ ಸೌಲಭ್ಯ ಇದ್ದರೆ ಹಂತ 2ರ ದಾರಿ ಬೇಡವೇ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಹಂತ 5: ಅತಿ ದೊಡ್ಡ ನಂಬರನ್ನು ಯಾಕೆ ಹುಡುಕಬಾರದು, ಕಣ್ಣಾರೆ ನೋಡಿ

ಈಗಿರುವ ಟರ್ಮಿನಲ್ ಹಾಗೇ ಇರಲಿ. ಪಕ್ಕದಲ್ಲಿ ಇನ್ನೊಂದು ತೆರೆದು ಅದೇ ಅಂಗಡಿ.ಡಿಬಿ ಫೈಲನ್ನು ಎಸ್‌ಕ್ಯೂಲೈಟ್3ರಲ್ಲಿ ತೆಗೆಯಿರಿ. ಅಂಗಡಿಯಲ್ಲಿ ಎರಡು ಬಿಲ್ಲಿಂಗ್ ಕೌಂಟರ್ ಇದೆ, ಒಂದೊಂದು ಕಿಟಕಿ ಒಂದೊಂದು ಕೌಂಟರ್ ಎಂದುಕೊಳ್ಳಿ.

ಎರಡನೇ ಕಿಟಕಿಯಲ್ಲಿ ಏನನ್ನೂ ಸೇರಿಸದೆ ಲಾಸ್ಟ್_ಇನ್ಸರ್ಟ್_ರೋಐಡಿ ಕೇಳಿ. ಟೇಬಲಿನಲ್ಲಿ ಮೂರು ಬಿಲ್ ಇದ್ದರೂ ಉತ್ತರ 0 ಬರುತ್ತದೆ. ಈ ಕನೆಕ್ಷನ್ ಇನ್ನೂ ಯಾವ ಸಾಲನ್ನೂ ಸೇರಿಸಿಲ್ಲವಲ್ಲ, ಅದಕ್ಕೆ.

ಈಗ ಮೊದಲ ಕಿಟಕಿಯಲ್ಲಿ ಒಂದು ಬಿಲ್ ಸೇರಿಸಿ. ಅದಕ್ಕೆ 4 ಬೀಳುತ್ತದೆ, ಆದರೆ ನಂಬರು ಕೇಳದೆ ಸುಮ್ಮನಿರಿ. ಎರಡನೇ ಕಿಟಕಿಗೆ ಹೋಗಿ ಅಲ್ಲೂ ಒಂದು ಬಿಲ್ ಸೇರಿಸಿ, ಅದಕ್ಕೆ 5. ಮತ್ತೆ ಮೊದಲ ಕಿಟಕಿಗೆ ಬಂದು ಎರಡೂ ರೀತಿಯಲ್ಲಿ ಕೇಳಿ:

ಸೆಲೆಕ್ಟ್ ಮ್ಯಾಕ್ಸ್(ಐಡಿ) ಫ್ರಮ್ ಬಿಲ್;
ಸೆಲೆಕ್ಟ್ ಲಾಸ್ಟ್_ಇನ್ಸರ್ಟ್_ರೋಐಡಿ();

ಮೊದಲನೆಯದು 5 ಎನ್ನುತ್ತದೆ, ಎರಡನೆಯದು 4. ಮ್ಯಾಕ್ಸ್ ನಂಬಿದ್ದರೆ ಈ ಕೌಂಟರಿನ ಸಾಮಾನೆಲ್ಲ ಆ ಕೌಂಟರಿನ ಗ್ರಾಹಕರ ಬಿಲ್ಲಿಗೆ ಹೋಗುತ್ತಿತ್ತು. ಬ್ಯಾಂಕಿನಲ್ಲಿ ಟೋಕನ್ ಚೀಟಿ ಕೈಗೆ ಬಂದಿದ್ದರೂ ಅದನ್ನು ಓದದೆ, ಸಾಲಿನ ಕೊನೆಯಲ್ಲಿ ನಿಂತವರ ಟೋಕನ್ ನೋಡಿ ಅದೇ ನನ್ನದು ಎಂದ ಹಾಗೆ.

ನಿಮ್ಮ ಮೇಜಿನ ಮೇಲೆ ಪರೀಕ್ಷಿಸುವಾಗ ಈ ತಪ್ಪು ಎಂದೂ ಕಾಣಿಸುವುದಿಲ್ಲ, ಯಾಕೆಂದರೆ ಅಲ್ಲಿ ಸೇರಿಸುವವರು ನೀವೊಬ್ಬರೇ. ಹಬ್ಬದ ಹಿಂದಿನ ದಿನ ಎರಡೂ ಕೌಂಟರಿನಲ್ಲಿ ಜನ ತುಂಬಿದಾಗ ಕಾಣಿಸಿಕೊಳ್ಳುತ್ತದೆ, ಅದೂ ಎಲ್ಲೋ ಒಂದೊಂದು ಬಿಲ್ಲಿನಲ್ಲಿ. ಟ್ರಾನ್ಸಾಕ್ಷನ್ ಒಳಗೆ ಮ್ಯಾಕ್ಸ್ ಕೇಳಿದರೆ ಸರಿಹೋಗುತ್ತದೆ ಎಂದು ವಾದಿಸುವವರೂ ಇದ್ದಾರೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ಗಳಲ್ಲಿ ಟ್ರಾನ್ಸಾಕ್ಷನ್ ತೆರೆದ ಮಾತ್ರಕ್ಕೆ ಬೇರೆಯವರು ಸಾಲು ಸೇರಿಸುವುದು ನಿಲ್ಲುವುದಿಲ್ಲ. ಹಾಗೆ ನಿಲ್ಲಿಸಲು ಇಡೀ ಟೇಬಲಿಗೆ ಬೀಗ ಹಾಕಬೇಕು, ಮೂಗಿಗಿಂತ ಮೂಗುತಿ ಭಾರ.

ಈ ಪ್ರಯೋಗ ಇನ್ನೊಂದು ಎಚ್ಚರವನ್ನೂ ಹೇಳುತ್ತದೆ. ನೆನಪು ಇರುವುದು ಕನೆಕ್ಷನ್ನಿನಲ್ಲಿ, ಪ್ರೋಗ್ರಾಮಿನಲ್ಲಲ್ಲ. ವೆಬ್ ಅಪ್ಲಿಕೇಶನ್‌ಗಳು ಕನೆಕ್ಷನ್ ಪೂಲ್ ಇಟ್ಟುಕೊಂಡು, ಒಂದು ಆಜ್ಞೆಗೆ ಒಂದು ಕನೆಕ್ಷನ್, ಮುಂದಿನದಕ್ಕೆ ಬೇರೊಂದು ಎಂದು ಹಂಚುವುದುಂಟು. ಇನ್ಸರ್ಟ್ ಒಂದರಲ್ಲಿ ನಡೆದು ಪ್ರಶ್ನೆ ಇನ್ನೊಂದಕ್ಕೆ ಹೋದರೆ ಸಿಗುವುದು 0, ಇಲ್ಲವೇ ಯಾರದೋ ಹಳೆಯ ನಂಬರು. ಎರಡನ್ನೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಕಟ್ಟಿದರೆ ಕನೆಕ್ಷನ್ ಬದಲಾಗುವುದಿಲ್ಲ. ರಿಟರ್ನಿಂಗ್ ಬಳಸುವವರಿಗಂತೂ ಈ ಚಿಂತೆಯೇ ಇಲ್ಲ.

ಹಂತ 6: ಪ್ರೋಗ್ರಾಮಿನೊಳಗಿಂದ ಮಾಡಿ

ಪೈಥಾನ್‌ನಲ್ಲಿ ಎಸ್‌ಕ್ಯೂಲೈಟ್ ಜೊತೆಗೇ ಬರುತ್ತದೆ, ಬೇರೆ ಇನ್‌ಸ್ಟಾಲ್ ಮಾಡುವುದು ಬೇಡ. ಕೆಳಗಿನ ಹೆಸರು, ದಿನ, ಸಾಮಾನು ಎಂಬವು ಪ್ರೋಗ್ರಾಮಿನಲ್ಲಿ ಮೊದಲೇ ತುಂಬಿಟ್ಟ ವೇರಿಯಬಲ್‌ಗಳು ಎಂದುಕೊಳ್ಳಿ.

ಇಂಪೋರ್ಟ್ ಎಸ್‌ಕ್ಯೂಲೈಟ್3

ಕನ್ = ಎಸ್‌ಕ್ಯೂಲೈಟ್3.ಕನೆಕ್ಟ್("ಅಂಗಡಿ.ಡಿಬಿ")
ಕನ್.ಎಕ್ಸಿಕ್ಯೂಟ್("ಪ್ರಾಗ್ಮಾ ಫಾರಿನ್_ಕೀಸ್ = ಆನ್")

ವಿತ್ ಕನ್:
    ಕರ್ = ಕನ್.ಎಕ್ಸಿಕ್ಯೂಟ್("ಇನ್ಸರ್ಟ್ ಇಂಟು ಬಿಲ್ (ಗ್ರಾಹಕ, ತಾರೀಕು) ವ್ಯಾಲ್ಯೂಸ್ (?, ?)", (ಹೆಸರು, ದಿನ))
    ಹೊಸ_ಐಡಿ = ಕರ್.ಲಾಸ್ಟ್‌ರೋಐಡಿ
    ಫಾರ್ ವಸ್ತು, ಬೆಲೆ ಇನ್ ಸಾಮಾನು:
        ಕನ್.ಎಕ್ಸಿಕ್ಯೂಟ್("ಇನ್ಸರ್ಟ್ ಇಂಟು ಬಿಲ್_ಸಾಲು (ಬಿಲ್_ಐಡಿ, ವಸ್ತು, ಬೆಲೆ) ವ್ಯಾಲ್ಯೂಸ್ (?, ?, ?)", (ಹೊಸ_ಐಡಿ, ವಸ್ತು, ಬೆಲೆ))

ವಿತ್ ಕನ್ ಎಂಬ ಸಾಲು ಇಲ್ಲಿ ಜೀವಾಳ. ಒಳಗಿನದೆಲ್ಲ ಸರಿಯಾಗಿ ನಡೆದರೆ ಕೊನೆಗೆ ಕಮಿಟ್ ಆಗುತ್ತದೆ. ನಡುವೆ ಎಲ್ಲಾದರೂ ಎಡವಿದರೆ ಬಿಲ್ಲೂ ಸೇರಿದಂತೆ ಎಲ್ಲವೂ ರದ್ದು. ಇಲ್ಲದಿದ್ದರೆ ಬಿಲ್ ಉಳಿದು ಸಾಮಾನಿನ ಸಾಲು ಕಾಣೆಯಾಗುವ ಪರಿಸ್ಥಿತಿ ಬರುತ್ತದೆ. ಪ್ರಶ್ನಾರ್ಥಕ ಚಿಹ್ನೆಗಳನ್ನು ತೆಗೆದು ಹೆಸರನ್ನು ನೇರವಾಗಿ ಆಜ್ಞೆಯೊಳಗೆ ಅಂಟಿಸಬೇಡಿ; ಹೆಸರಿನಲ್ಲಿ ಒಂದು ಉದ್ಧರಣ ಚಿಹ್ನೆ ಇದ್ದರೂ ಆಜ್ಞೆ ಮುರಿಯುತ್ತದೆ, ಕೇಡಿಗರಿಗಂತೂ ಬಾಗಿಲು ತೆರೆದಿಟ್ಟ ಹಾಗೆಯೇ.

ಲಾಸ್ಟ್‌ರೋಐಡಿ ಎಕ್ಸಿಕ್ಯೂಟ್ ಆದಮೇಲೆ ಮಾತ್ರ ಬದಲಾಗುತ್ತದೆ. ಎಷ್ಟೋ ಸಾಲುಗಳನ್ನು ಒಟ್ಟಿಗೆ ಸೇರಿಸುವ ಎಕ್ಸಿಕ್ಯೂಟ್‌ಮೆನಿ ಆದಮೇಲೆ ಕೇಳಿದರೆ ಹಳೆಯ ನಂಬರೇ ಕೂತಿರುತ್ತದೆ. ರಿಟರ್ನಿಂಗ್ ಬಳಸುವುದಾದರೆ ಲಾಸ್ಟ್‌ರೋಐಡಿ ಬದಲು ಕರ್.ಫೆಚ್‌ಒನ್()[0] ಎಂದು ಬರೆಯಿರಿ, ಕಮಿಟ್‌ಗೆ ಮುಂಚೆಯೇ ಬರೆಯಿರಿ. ಪೈಥಾನ್ ಬಳಸುವ ಎಸ್‌ಕ್ಯೂಲೈಟ್ ವರ್ಷನ್ ಟರ್ಮಿನಲ್ಲಿನದಕ್ಕಿಂತ ಬೇರೆ ಇರಬಹುದು, ಎಸ್‌ಕ್ಯೂಲೈಟ್3.ಎಸ್‌ಕ್ಯೂಲೈಟ್_ವರ್ಷನ್ ಎಂದು ಅಲ್ಲೇ ಕೇಳಿ ನೋಡಿ.

ಹಂತ 7: ನಿಮ್ಮ ಡೇಟಾಬೇಸಿನ ರೂಢಿ ತಿಳಿಯಿರಿ

ಪೋಸ್ಟ್‌ಗ್ರೆಸ್‌ನಲ್ಲಿ ಕೆಲಸ ಸುಲಭ. ರಿಟರ್ನಿಂಗ್ ಅಲ್ಲಿ 2006ರ 8.2 ವರ್ಷನ್ನಿನಿಂದಲೇ ಇದೆ. ಹಳೆಯ ಪುಸ್ತಕಗಳಲ್ಲಿ ಐಡಿ ಕಾಲಂಗೆ ಸೀರಿಯಲ್ ಎಂದಿರುತ್ತದೆ. ಈಗ ಬರೆಯುವವರು ಜನರೇಟೆಡ್ ಆಲ್ವೇಸ್ ಆಸ್ ಐಡೆಂಟಿಟಿ ಎಂದು ಬರೆಯುವುದು ಲೇಸು, ಅದು 10ನೇ ವರ್ಷನ್ನಿನಿಂದ ಬಂದಿದೆ. ಪೈಥಾನ್‌ನಿಂದ ಪೋಸ್ಟ್‌ಗ್ರೆಸ್‌ಗೆ ಮಾತಾಡುವಾಗ ಲಾಸ್ಟ್‌ರೋಐಡಿ ನೆಚ್ಚಬೇಡಿ, ರಿಟರ್ನಿಂಗ್ ಹಾಕಿ ಫೆಚ್‌ಒನ್ ಮಾಡಿ. ಬಿಲ್ಲನ್ನೂ ಅದರ ಸಾಮಾನನ್ನೂ ಒಂದೇ ಉಸಿರಿಗೆ ಸೇರಿಸುವ ಚಂದದ ದಾರಿಯೂ ಅಲ್ಲಿದೆ:

ವಿತ್ ಹೊಸದು ಆಸ್ (
  ಇನ್ಸರ್ಟ್ ಇಂಟು ಬಿಲ್ (ಗ್ರಾಹಕ, ತಾರೀಕು)
  ವ್ಯಾಲ್ಯೂಸ್ ('ಬಸವರಾಜು', '2025-04-03')
  ರಿಟರ್ನಿಂಗ್ ಐಡಿ
)
ಇನ್ಸರ್ಟ್ ಇಂಟು ಬಿಲ್_ಸಾಲು (ಬಿಲ್_ಐಡಿ, ವಸ್ತು, ಬೆಲೆ)
ಸೆಲೆಕ್ಟ್ ಐಡಿ, 'ತೊಗರಿಬೇಳೆ', 165 ಫ್ರಮ್ ಹೊಸದು;

ಮೈಎಸ್‌ಕ್ಯೂಎಲ್‌ನಲ್ಲಿ ಕಾಲಂಗೆ ಆಟೋ_ಇನ್‌ಕ್ರಿಮೆಂಟ್ ಎಂದು ಬರೆದು, ಸೇರಿಸಿದ ಮೇಲೆ ಸೆಲೆಕ್ಟ್ ಲಾಸ್ಟ್_ಇನ್ಸರ್ಟ್_ಐಡಿ() ಎಂದು ಕೇಳುತ್ತಾರೆ. ಇದೂ ಕನೆಕ್ಷನ್ನಿಗೆ ಅಂಟಿಕೊಂಡದ್ದು, ಪಕ್ಕದ ಕೌಂಟರಿನವರ ಇನ್ಸರ್ಟ್ ಇದನ್ನು ಕೆಡಿಸುವುದಿಲ್ಲ. ಪಿಎಚ್‌ಪಿಯಲ್ಲಿ ಮೈಎಸ್‌ಕ್ಯೂಎಲ್‌ಐ ಬಳಸುವವರಿಗೆ ಇನ್ಸರ್ಟ್_ಐಡಿ, ಪಿಡಿಒ ಬಳಸುವವರಿಗೆ ಲಾಸ್ಟ್‌ಇನ್ಸರ್ಟ್‌ಐಡಿ(). ಇವನ್ನು ಇನ್ಸರ್ಟ್ ಆದ ತಕ್ಷಣ ಕೇಳಬೇಕು. ನಡುವೆ ಕಮಿಟ್ ಅಥವಾ ಇನ್ನೊಂದು ಆಜ್ಞೆ ಓಡಿಸಿದರೆ 0 ಸಿಗಬಹುದು. ಮೈಎಸ್‌ಕ್ಯೂಎಲ್‌ನ 8.0, 8.4 ವರ್ಷನ್ನುಗಳಲ್ಲಿ ರಿಟರ್ನಿಂಗ್ ಇಲ್ಲ. ಅದರ ದಾಯಾದಿ ಮರಿಯಾಡಿಬಿಯಲ್ಲಿ 10.5ರಿಂದ ಇದೆ.

ಎಸ್‌ಕ್ಯೂಎಲ್ ಸರ್ವರ್‌ನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಅಲ್ಲಿ ನಂಬರು ಕೇಳಲು ಮೂರು ನಾಲ್ಕು ದಾರಿ ಇವೆ, ನೋಡಲು ಎಲ್ಲವೂ ಒಂದೇ ತರ, ನಡತೆ ಬೇರೆ ಬೇರೆ. @@ಐಡೆಂಟಿಟಿ ಎಂಬುದು ಈ ಕನೆಕ್ಷನ್ ಕೊನೆಗೆ ಹುಟ್ಟಿಸಿದ ನಂಬರನ್ನು ಕೊಡುತ್ತದೆ, ಎಲ್ಲಿ ಹುಟ್ಟಿಸಿದರೂ ಸರಿ. ಬಿಲ್ ಟೇಬಲಿನ ಮೇಲೆ ಒಂದು ಟ್ರಿಗರ್ ಇದೆ, ಬಿಲ್ ಸೇರಿದಾಗಲೆಲ್ಲ ಅದು ಆಡಿಟ್ ಟೇಬಲಿಗೂ ಒಂದು ಸಾಲು ಬರೆಯುತ್ತದೆ ಎಂದುಕೊಳ್ಳಿ. ಆಗ @@ಐಡೆಂಟಿಟಿ ಕೊಡುವುದು ಆಡಿಟ್ ಸಾಲಿನ ನಂಬರು! ಟ್ರಿಗರ್ ಇಲ್ಲದ ಕಾಲದಲ್ಲಿ ಬರೆದ ಕೋಡ್ ವರ್ಷಗಟ್ಟಲೆ ಸರಿಯಾಗಿ ನಡೆದು, ಯಾರೋ ಟ್ರಿಗರ್ ಸೇರಿಸಿದ ದಿನದಿಂದ ತಪ್ಪು ನಂಬರು ಕೊಡತೊಡಗುತ್ತದೆ. ಕೋಡಿನಲ್ಲಿ ಒಂದಕ್ಷರ ಬದಲಾಗಿರುವುದಿಲ್ಲ; ತಪ್ಪು ಹುಡುಕುವವರು ತಲೆ ಕೆರೆದುಕೊಳ್ಳುತ್ತಾರೆ. ಸ್ಕೋಪ್_ಐಡೆಂಟಿಟಿ() ಬಳಸಿದರೆ ಟ್ರಿಗರ್ ಒಳಗಿನ ನಂಬರು ಲೆಕ್ಕಕ್ಕೆ ಬರುವುದಿಲ್ಲ. ಐಡೆಂಟ್_ಕರೆಂಟ್ ಎಂಬ ಮೂರನೆಯದು ಆ ಟೇಬಲಿಗೆ ಯಾರೇ ಸೇರಿಸಿದ್ದರೂ ಕೊನೆಯ ನಂಬರು ಕೊಡುತ್ತದೆ, ಅಂದರೆ ಮ್ಯಾಕ್ಸ್‌ನ ತಮ್ಮ, ದೂರ ಇಡಿ. ರಿಟರ್ನಿಂಗ್ ಬದಲು ಅಲ್ಲಿರುವುದು ಔಟ್‌ಪುಟ್, ಅದನ್ನು ವ್ಯಾಲ್ಯೂಸ್‌ಗೆ ಮುಂಚೆ ಬರೆಯಬೇಕು:

ಇನ್ಸರ್ಟ್ ಇಂಟು ಬಿಲ್ (ಗ್ರಾಹಕ, ತಾರೀಕು)
ಔಟ್‌ಪುಟ್ ಇನ್ಸರ್ಟೆಡ್.ಐಡಿ
ವ್ಯಾಲ್ಯೂಸ್ ('ಫಾತಿಮಾ', '2025-04-03');

ಟೇಬಲಿನ ಮೇಲೆ ಟ್ರಿಗರ್ ಚಾಲ್ತಿಯಲ್ಲಿದ್ದರೆ ಇದು ಹೀಗೇ ನಡೆಯುವುದಿಲ್ಲ. ಔಟ್‌ಪುಟ್ ಮುಂದೆ ಇಂಟು ಹಾಕಿ ಒಂದು ಟೇಬಲ್ ವೇರಿಯಬಲ್‌ಗೆ ತುಂಬಿಸಿಕೊಳ್ಳಬೇಕು. ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಲೈಟ್‌ಗಳಲ್ಲಿ ಟ್ರಿಗರ್‌ನ ಈ ಕಾಟವಿಲ್ಲ. ಟ್ರಿಗರ್ ಮುಗಿದ ಮೇಲೆ ಅವು ಹಳೆಯ ನಂಬರಿಗೇ ಮರಳುತ್ತವೆ.

ಒರಾಕಲ್‌ನಲ್ಲಿ ರಿಟರ್ನಿಂಗ್ ಐಡಿ ಇಂಟು ಎಂದು ಬರೆದು ಮುಂದೆ ವೇರಿಯಬಲ್ ಕೊಡಬೇಕು. ಜಾವಾದವರಿಗೆ ಎಲ್ಲ ಡೇಟಾಬೇಸ್‌ಗೂ ಒಂದೇ ಬಾಗಿಲು: ಆಜ್ಞೆ ಸಿದ್ಧಮಾಡುವಾಗ ರಿಟರ್ನ್_ಜನರೇಟೆಡ್_ಕೀಸ್ ಎಂದು ಹೇಳಿ, ಆಮೇಲೆ ಗೆಟ್‌ಜನರೇಟೆಡ್‌ಕೀಸ್() ಓದುವುದು. ಒರಾಕಲ್ ಆದರೆ ಅಲ್ಲಿ ಕಾಲಂನ ಹೆಸರನ್ನೂ ಕೊಡಿ. ಇಲ್ಲದಿದ್ದರೆ ಐಡಿಯ ಬದಲು ಒರಾಕಲ್‌ನ ಒಳಗಿನ ರೋಐಡಿ ಬಂದು ಕೂರುತ್ತದೆ.

ಹಂತ 8: ಒಂದೇ ಸಲ ಹಲವು ಸಾಲು, ಅಥವಾ ಸೇರದೇ ಹೋದ ಸಾಲು

ಒಂದೇ ಇನ್ಸರ್ಟ್‌ನಲ್ಲಿ ಐದು ಬಿಲ್ ಸೇರಿಸಿ ಮೈಎಸ್‌ಕ್ಯೂಎಲ್‌ನಲ್ಲಿ ಲಾಸ್ಟ್_ಇನ್ಸರ್ಟ್_ಐಡಿ ಕೇಳಿದರೆ ಸಿಗುವುದು ಐದರಲ್ಲಿ ಮೊದಲನೆಯದರ ನಂಬರು. ಎಸ್‌ಕ್ಯೂಲೈಟ್ ಕೊಡುವುದು ಕೊನೆಯದರದ್ದು. ರಿಟರ್ನಿಂಗ್ ಐದನ್ನೂ ಕೊಡುತ್ತದೆ, ಆದರೆ ನೀವು ಕೊಟ್ಟ ಕ್ರಮದಲ್ಲೇ ಕೊಡುತ್ತದೆ ಎಂದು ನಂಬಿ ಕೂರಬೇಡಿ. ಎಸ್‌ಕ್ಯೂಲೈಟ್‌ನ ಕೈಪಿಡಿಯೇ ಕ್ರಮದ ಭರವಸೆ ಇಲ್ಲ ಎನ್ನುತ್ತದೆ. ಯಾವ ನಂಬರು ಯಾರದೆಂದು ತಿಳಿಯಲು ಗುರುತು ಹಿಡಿಯುವ ಇನ್ನೊಂದು ಕಾಲಂ ಸೇರಿಸಿ ಕೇಳಿ: ಟೇಬಲಿನಲ್ಲಿ ಗ್ರಾಹಕರ ಫೋನ್ ಕಾಲಂ ಇದ್ದರೆ ರಿಟರ್ನಿಂಗ್ ಐಡಿ, ಫೋನ್ ಎಂಬಂತೆ. ಜ್ಯಾಂಗೋ ಬಳಸುವವರು ಒಂದನ್ನು ನೆನಪಿಡಬೇಕು. ಒಂದೊಂದೇ ಸೇವ್ ಮಾಡಿದರೆ ಐಡಿ ತಾನಾಗಿ ತುಂಬಿಕೊಳ್ಳುತ್ತದೆ. ಬಲ್ಕ್_ಕ್ರಿಯೇಟ್ ಮಾಡಿದಾಗ ಪೋಸ್ಟ್‌ಗ್ರೆಸ್‌ನಲ್ಲಿ ತುಂಬುತ್ತದೆ, ಮೈಎಸ್‌ಕ್ಯೂಎಲ್‌ನಲ್ಲಿ ತುಂಬುವುದಿಲ್ಲ.

ಸಾಲು ಈಗಾಗಲೇ ಇದ್ದರೆ ಬಿಟ್ಟುಬಿಡು ಎನ್ನುವ ಆಜ್ಞೆಗಳದ್ದು ಬೇರೆ ಕಥೆ. ಎಸ್‌ಕ್ಯೂಲೈಟ್‌ನಲ್ಲಿ ಇನ್ಸರ್ಟ್ ಆರ್ ಇಗ್ನೋರ್ ಎಂದಾಗ ಸಾಲು ಸೇರದೇ ಹೋದರೆ ಲಾಸ್ಟ್_ಇನ್ಸರ್ಟ್_ರೋಐಡಿ ಬದಲಾಗುವುದೇ ಇಲ್ಲ, ಹಿಂದಿನ ಇನ್ಸರ್ಟ್‌ನ ನಂಬರನ್ನೇ ಹೇಳುತ್ತಿರುತ್ತದೆ. ರಿಟರ್ನಿಂಗ್ ಇಲ್ಲಿ ಪ್ರಾಮಾಣಿಕ: ಸೇರದಿದ್ದರೆ ಒಂದೂ ಸಾಲು ಬರುವುದಿಲ್ಲ. ಖಾಲಿ ಬಂದಾಗ, ಮೊದಲೇ ಇರುವ ಸಾಲನ್ನು ಅದರ ಫೋನ್ ನಂಬರಿನಂಥ ಗುರುತಿನಿಂದ ಸೆಲೆಕ್ಟ್ ಮಾಡಿ ಐಡಿ ತೆಗೆದುಕೊಳ್ಳಿ.

ಹಂತ 9: ಈ ನಂಬರನ್ನೇ ಬಿಲ್ ನಂಬರ್ ಎಂದು ಮುದ್ರಿಸಬೇಡಿ

ಐಡಿ ಕೈಗೆ ಸಿಕ್ಕಿದ ಖುಷಿಯಲ್ಲಿ ಅದನ್ನೇ ಬಿಲ್ಲಿನ ತಲೆಯ ಮೇಲೆ ಅಚ್ಚು ಹಾಕುವ ಆಸೆ ಆಗುತ್ತದೆ. ಬೇಡ. ತಾನಾಗಿ ಬೀಳುವ ನಂಬರುಗಳ ನಡುವೆ ಕಂಡಿ ಬೀಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಟ್ರಾನ್ಸಾಕ್ಷನ್ ನಂಬರು ತೆಗೆದುಕೊಂಡು ಆಮೇಲೆ ರದ್ದಾದರೆ ಆ ನಂಬರು ಮರಳಿ ಬರುವುದಿಲ್ಲ. ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್‌ಗಳಲ್ಲೂ ಅಷ್ಟೇ. ಎಸ್‌ಕ್ಯೂಎಲ್ ಸರ್ವರ್ ಅಂತೂ 2012ರ ವರ್ಷನ್ನಿನಿಂದ ನಂಬರುಗಳನ್ನು ಮುಂಚೆಯೇ ಕಟ್ಟು ಕಟ್ಟಾಗಿ ತೆಗೆದಿಟ್ಟುಕೊಳ್ಳುತ್ತದೆ. ಕರೆಂಟ್ ಹೋಗಿ ಸರ್ವರ್ ಏಕಾಏಕಿ ನಿಂತು ಮತ್ತೆ ಎದ್ದರೆ ಇಂಟ್ ಕಾಲಂನ ಐಡಿ ಸಾವಿರದಷ್ಟು ಮುಂದಕ್ಕೆ ಜಿಗಿಯುವುದುಂಟು. ಇದು ದೋಷವಲ್ಲ. ಒಬ್ಬರಿಗೊಬ್ಬರು ಕಾಯದೆ ಬೇಗ ಬೇಗ ನಂಬರು ಕೊಡಲು ಮಾಡಿಕೊಂಡ ಏರ್ಪಾಡು. ಎಸ್‌ಕ್ಯೂಲೈಟ್‌ನದ್ದು ಇನ್ನೊಂದು ಬಗೆ: ಕೊನೆಯ ಬಿಲ್ಲನ್ನು ಡಿಲೀಟ್ ಮಾಡಿದರೆ ಅದೇ ನಂಬರನ್ನು ಮುಂದಿನವರಿಗೆ ಕೊಟ್ಟುಬಿಡುತ್ತದೆ. ಬೇಡವೆಂದರೆ ಟೇಬಲ್ ಮಾಡುವಾಗಲೇ ಪ್ರೈಮರಿ ಕೀ ಮುಂದೆ ಆಟೋಇನ್‌ಕ್ರಿಮೆಂಟ್ ಎಂದು ಸೇರಿಸಿರಬೇಕು.

ತೆರಿಗೆಯವರಿಗೆ ಕಂಡಿ ಬಿದ್ದ ಸಂಖ್ಯೆ ಒಪ್ಪಿಗೆಯಾಗುವುದಿಲ್ಲ. 2017ರ ಕೇಂದ್ರ ಜಿಎಸ್‌ಟಿ ನಿಯಮಗಳ 46ನೇ ನಿಯಮದ ಪ್ರಕಾರ ಬಿಲ್ ಸಂಖ್ಯೆ ಒಂದಾದ ಮೇಲೊಂದರಂತೆ ಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಎರಡು ಸಲ ಬರಬಾರದು. ಹಾಗಾಗಿ ಐಡಿ ಒಳಗಿನ ನಂಟಿಗೆ ಇರಲಿ. ಗ್ರಾಹಕರಿಗೆ ತೋರಿಸುವ ಸಂಖ್ಯೆಯನ್ನು ಬೇರೆಯೇ ಎಣಿಸಿ. ಅದಕ್ಕೊಂದು ಪುಟ್ಟ ಟೇಬಲ್, ವರ್ಷಕ್ಕೊಂದು ಸಾಲು:

ಕ್ರಿಯೇಟ್ ಟೇಬಲ್ ಬಿಲ್_ಎಣಿಕೆ (ವರ್ಷ ಟೆಕ್ಸ್ಟ್ ಪ್ರೈಮರಿ ಕೀ, ಕೊನೆಯದು ಇಂಟಿಜರ್);
ಇನ್ಸರ್ಟ್ ಇಂಟು ಬಿಲ್_ಎಣಿಕೆ ವ್ಯಾಲ್ಯೂಸ್ ('2025-26', 0);

ಬಿಲ್ ಸೇರಿಸುವ ಟ್ರಾನ್ಸಾಕ್ಷನ್ನಿನ ಒಳಗೇ ಹೀಗೆ ಕೇಳಿ:

ಅಪ್‌ಡೇಟ್ ಬಿಲ್_ಎಣಿಕೆ ಸೆಟ್ ಕೊನೆಯದು = ಕೊನೆಯದು + 1
ವೇರ್ ವರ್ಷ = '2025-26'
ರಿಟರ್ನಿಂಗ್ ಕೊನೆಯದು;

ರಿಟರ್ನಿಂಗ್ ಅಪ್‌ಡೇಟ್‌ಗೂ ನಡೆಯುತ್ತದೆ, ಎಸ್‌ಕ್ಯೂಲೈಟ್‌ನಲ್ಲೂ ಪೋಸ್ಟ್‌ಗ್ರೆಸ್‌ನಲ್ಲೂ. ಬಿಲ್ ರದ್ದಾಗಿ ಟ್ರಾನ್ಸಾಕ್ಷನ್ ಹಿಂದಕ್ಕೆ ಹೋದರೆ ಎಣಿಕೆಯೂ ಹಿಂದಕ್ಕೆ ಹೋಗುತ್ತದೆ, ಕಂಡಿ ಬೀಳುವುದಿಲ್ಲ. ಪಕ್ಕದ ಕೌಂಟರಿನವರು ಅದೇ ಹೊತ್ತಿಗೆ ಬಂದರೆ ನಿಮ್ಮದು ಮುಗಿಯುವವರೆಗೆ ಕಾಯಬೇಕಾಗುತ್ತದೆ. ಆದ್ದರಿಂದ ಈ ಆಜ್ಞೆಯನ್ನು ಟ್ರಾನ್ಸಾಕ್ಷನ್ನಿನಲ್ಲಿ ಆದಷ್ಟು ಕೊನೆಗೆ, ಕಮಿಟ್‌ಗೆ ಸ್ವಲ್ಪ ಮುಂಚೆ ಇಡಿ. ಅಚ್ಚಾಗಿ ಗ್ರಾಹಕರ ಕೈಸೇರಿದ ಬಿಲ್ಲನ್ನು ಮಾತ್ರ ಎಂದಿಗೂ ಡಿಲೀಟ್ ಮಾಡಬೇಡಿ. ರದ್ದಾಗಿದೆ ಎಂದು ಒಂದು ಕಾಲಂನಲ್ಲಿ ಬರೆದಿಟ್ಟರೆ ಸಂಖ್ಯೆಯೂ ಉಳಿಯುತ್ತದೆ, ಲೆಕ್ಕವೂ ಕೂಡಿಬರುತ್ತದೆ.